ಹಳೇ ಎಟಿಎಂ ಕಾರ್ಡಿನ ಹಳಿ, ಎಂ-ಸ್ಯಾಂಡಿನ ಜಲ್ಲಿ: ಘಾಟಿ ರೈಲಿನ ಡಯೋರಾಮಾಗೆ ರದ್ದಿ ಸಾಮಾನುಗಳ ವಿಮರ್ಶೆ

ರೈಲು ಡಯೋರಾಮಾಗೆ (ನಿಜವಾದ ದೃಶ್ಯವೊಂದರ ಪುಟ್ಟ ಮಾದರಿಗೆ) ರದ್ದಿಯಲ್ಲಿ ಏನಿದ್ದರೂ ನಡೆಯುತ್ತದೆ ಎಂಬ ಮಾತನ್ನು ನಂಬಬೇಡಿ. ಮೊಟ್ಟೆ ಟ್ರೇ, ಬಾಟಲಿ ಮುಚ್ಚಳ, ಐಸ್‌ಕ್ರೀಂ ಕಡ್ಡಿ ಎಲ್ಲ ಅಂಟಿಸಿದ ಮಾದರಿ ಶಾಲೆಯ ಪ್ರದರ್ಶನಕ್ಕೆ ಸಾಕು. ಅದರ ಪಕ್ಕ ಒಂದು ಎಚ್‌ಓ ಬೋಗಿ ನಿಲ್ಲಿಸಿದ ಕೂಡಲೇ ಅಳತೆ ತಪ್ಪಿರುವುದು ಗೊತ್ತಾಗುತ್ತದೆ. ಎಚ್‌ಓ ಅಂದರೆ ಮಾದರಿ ರೈಲುಗಳ 1:87 ಅಳತೆ, ನಿಜದ 87ರಲ್ಲಿ ಒಂದು ಪಾಲು. ಕೈಯಲ್ಲಿರುವ ವಸ್ತುವಿನ ದಪ್ಪವನ್ನು 87ರಿಂದ ಗುಣಿಸಿ. ಬಂದ ಅಳತೆಯದ್ದೇನಾದರೂ ನಿಜವಾದ ರೈಲ್ವೆಯಲ್ಲಿ ಇದ್ದರೆ ಎತ್ತಿಡಿ, ಇಲ್ಲದಿದ್ದರೆ ರದ್ದಿಯವರಿಗೇ ಕೊಡಿ. 10 ಮಿ.ಮೀ. ಅಗಲ, 2 ಮಿ.ಮೀ. ದಪ್ಪದ ಐಸ್‌ಕ್ರೀಂ ಕಡ್ಡಿ ಈ ಲೆಕ್ಕದಲ್ಲಿ 87 ಸೆಂ.ಮೀ. ಅಗಲ, 17 ಸೆಂ.ಮೀ. ದಪ್ಪದ ಹಲಗೆ. ಅಂಥ ಹಲಗೆಯ ಬೆಂಚು ಯಾವ ಸ್ಟೇಷನ್ನಿನಲ್ಲೂ ಇಲ್ಲ. ಅದೇ ಕಡ್ಡಿಯನ್ನು ಉದ್ದಕ್ಕೆ ಮೂರು ಸೀಳು ಮಾಡಿದರೆ ಸೊಗಸಾದ ಸ್ಲೀಪರ್ (ಹಳಿಯ ಕೆಳಗಿನ ಅಡ್ಡ ದಿಮ್ಮಿ) ಆಗುತ್ತದೆ, ಆ ವಿಷಯ ಮುಂದಿದೆ.

ಈ ವಿಮರ್ಶೆಗೆ ಇಟ್ಟುಕೊಂಡ ದೃಶ್ಯ ಸಕಲೇಶಪುರ–ಸುಬ್ರಹ್ಮಣ್ಯ ರೋಡ್ ಘಾಟಿಯ ಎಡಕುಮೇರಿ ಆಸುಪಾಸಿನದು. ಸುಮಾರು 55 ಕಿ.ಮೀ. ದಾರಿ, 57 ಸುರಂಗ, 50ಕ್ಕೆ 1ರ ಏರು. 1979ರಲ್ಲಿ ಮೀಟರ್ ಗೇಜ್ ಆಗಿ ತೆರೆದ ಹಾಸನ–ಮಂಗಳೂರು ಮಾರ್ಗ ಬ್ರಾಡ್ ಗೇಜ್ ಆಗಿ ಬದಲಾದ ಮೇಲೆ 2006ರಲ್ಲಿ ಗೂಡ್ಸ್ ಗಾಡಿಗಳಿಗೆ, 2007ರಲ್ಲಿ ಪ್ರಯಾಣಿಕರ ಗಾಡಿಗಳಿಗೆ ತೆರೆದುಕೊಂಡಿತು. ರದ್ದಿಯಲ್ಲಿ ಕಟ್ಟುವವರಿಗೆ ಇದಕ್ಕಿಂತ ಒಳ್ಳೆಯ ದೃಶ್ಯ ಸಿಗುವುದು ಕಷ್ಟ. ಒಂಟಿ ಹಳಿ, ಹಳಿ ಕವಲೊಡೆಯುವ ಪಾಯಿಂಟ್ಸ್ ಬೇಡ, ಒಂದು ಸೇತುವೆ ಮತ್ತು ಒಂದು ಸುರಂಗದ ಬಾಯಿ ಸಾಕು, ಹಲಗೆಯ ಅಂಚನ್ನೆಲ್ಲ ಕಾಡು ಮುಚ್ಚಿಕೊಳ್ಳುತ್ತದೆ. ಮೂರಡಿ ಉದ್ದ, ಒಂದೂವರೆ ಅಡಿ ಅಗಲದ ಹಲಗೆ ಸಾಕಾಗುತ್ತದೆ. ಏರನ್ನು ಮರೆಯಬೇಡಿ: 50ಕ್ಕೆ 1 ಅಂದರೆ 90 ಸೆಂ.ಮೀ.ಗೆ 18 ಮಿ.ಮೀ. ಎತ್ತರ. ನೋಡಲು ಅಲ್ಪ ಅನ್ನಿಸಿದರೂ ಅಷ್ಟು ಕೊಡದಿದ್ದರೆ ಘಾಟಿಯ ಭಾವನೆ ಬರುವುದೇ ಇಲ್ಲ.

ಹಲಗೆಗೆ ಹಳೇ ಕಪಾಟಿನ 12 ಮಿ.ಮೀ. ಪ್ಲೈವುಡ್ಡೇ ಸರಿ. ರಟ್ಟಿನ ಪೆಟ್ಟಿಗೆಯನ್ನು ತಳವಾಗಿ ಬಳಸಿದರೆ ಜಲ್ಲಿ ಅಂಟಿಸುವಾಗ ನೀರು ಕುಡಿದು ಬಾಗುತ್ತದೆ, ಎಷ್ಟು ಪದರ ಹಾಕಿದರೂ ಅಷ್ಟೇ. ಪಾರ್ಟಿಕಲ್ ಬೋರ್ಡಂತೂ ಒಂದೇ ಮಳೆಗಾಲದಲ್ಲಿ ಅಂಚಿನಿಂದ ಉಬ್ಬಿಕೊಂಡು ಬರುತ್ತದೆ.

ಹಳಿ: ಮೊದಲ ತೀರ್ಮಾನ ಇಲ್ಲೇ

ರೈಲು ಓಡಬೇಕೋ, ನಿಂತಿದ್ದರೆ ಸಾಕೋ? ಓಡಬೇಕಾದರೆ ಹಳಿಯನ್ನು ಕೊಳ್ಳಲೇಬೇಕು, ರದ್ದಿಯಲ್ಲಿ ಅದಕ್ಕೆ ಬದಲಿಯಿಲ್ಲ. ಎಚ್‌ಓ ದಾರಿಯ ಎರಡು ಹಳಿಗಳ ನಡುವಿನ ಅಂತರ (ಗೇಜ್) 16.5 ಮಿ.ಮೀ., 87ರಿಂದ ಗುಣಿಸಿದರೆ 1435 ಮಿ.ಮೀ. ನಮ್ಮ ಬ್ರಾಡ್ ಗೇಜ್ 1676 ಮಿ.ಮೀ., ಅಂದರೆ ಮಾದರಿಯಲ್ಲಿ 19.3 ಮಿ.ಮೀ. ಇರಬೇಕಿತ್ತು. ಸುಮಾರು 2.8 ಮಿ.ಮೀ. ಕಮ್ಮಿ. ಓಡುವ ಗಾಡಿ ಬೇಕೆನ್ನುವವರು ಈ ರಾಜಿಗೆ ಒಪ್ಪಲೇಬೇಕು. ಪೆಕೋ ಕಂಪನಿಯ ಫ್ಲೆಕ್ಸಿ ಟ್ರ್ಯಾಕ್ (ಬೇಕಾದಂತೆ ಬಗ್ಗಿಸಬಹುದಾದ ಮಾದರಿ ಹಳಿ) 914 ಮಿ.ಮೀ. ಉದ್ದ ಬರುತ್ತದೆ, ಈ ಹಲಗೆಗೆ ಒಂದೇ ತುಂಡು ಸಾಕು. ಕೋಡ್ ಅಂದರೆ ಇಂಚಿನ ಸಾವಿರದ ಭಾಗಗಳಲ್ಲಿ ಹಳಿಯ ಎತ್ತರ; ಕೋಡ್ 100 ಮತ್ತು ಕೋಡ್ 75ರ ನಡುವೆ ನಮ್ಮ ಮತ ಎರಡನೆಯದಕ್ಕೆ. ಕೋಡ್ 100ರ ಹಳಿ 2.54 ಮಿ.ಮೀ. ಎತ್ತರ, ನಿಜದಲ್ಲಿ 22 ಸೆಂ.ಮೀ. ಆಗುತ್ತದೆ. ಅಷ್ಟೆತ್ತರದ ಹಳಿ ನಮ್ಮಲ್ಲಿಲ್ಲ. ಕೋಡ್ 75ರದ್ದು 1.9 ಮಿ.ಮೀ., ಅಂದರೆ ಸುಮಾರು 166 ಮಿ.ಮೀ. ನಮ್ಮ (ಮೀಟರಿಗೆ) 52 ಕೆ.ಜಿ. ತೂಗುವ ಹಳಿ 156, 60 ಕೆ.ಜಿ. ಹಳಿ 172 ಮಿ.ಮೀ. ಇರುವುದರಿಂದ ಇದು ಸರಿಯಾಗಿ ನಡುವೆ ಕೂರುತ್ತದೆ. ಆದರೆ ಹಳೆಯ ಆಟಿಕೆ ಎಂಜಿನ್‌ಗಳ ಚಕ್ರದ ಅಂಚು ಆಳವಾಗಿರುತ್ತದೆ, ಕೋಡ್ 75ರಲ್ಲಿ ಆ ಅಂಚು ಹಳಿ ಹಿಡಿದಿರುವ ಕ್ಲಿಪ್ಪಿಗೆ ತಗುಲಿ ಟಕಟಕ ಎನ್ನುತ್ತದೆ. ಅಂಥ ಗಾಡಿ ಇರುವವರು ಕೋಡ್ 100 ತೆಗೆದುಕೊಳ್ಳುವುದೇ ವಾಸಿ.

ನಿಂತಿದ್ದರೆ ಸಾಕು ಎನ್ನುವವರಿಗೆ ಒಳ್ಳೆಯ ಸುದ್ದಿ: ನಿಜವಾದ 19.3 ಮಿ.ಮೀ. ಗೇಜನ್ನು ಮನೆಯಲ್ಲೇ, ಖರ್ಚಿಲ್ಲದೆ ಕಟ್ಟಬಹುದು. ಅದಕ್ಕೆ ಬೇಕಾದ್ದು ಅವಧಿ ಮುಗಿದ ಎಟಿಎಂ ಕಾರ್ಡು.

ಅವಧಿ ಮುಗಿದ ಕಾರ್ಡು

ಇಡೀ ರದ್ದಿಯಲ್ಲಿ ಹತ್ತಕ್ಕೆ ಹತ್ತು ಕೊಡಬಹುದಾದ ವಸ್ತು ಇದೊಂದೇ. ಬ್ಯಾಂಕ್ ಕಾರ್ಡು, ಹೋಟೆಲ್ ಕೋಣೆಯ ಕೀ ಕಾರ್ಡು, ಗಿಫ್ಟ್ ಕಾರ್ಡು ಎಲ್ಲವೂ 85.6 × 54 ಮಿ.ಮೀ., ದಪ್ಪ 0.76 ಮಿ.ಮೀ. ಈಗ ಗುಣಿಸಿ: 0.76 × 87 = 66 ಮಿ.ಮೀ. 52 ಕೆ.ಜಿ. ಹಳಿಯ ತಲೆಯ ಅಗಲ 67 ಮಿ.ಮೀ.! ಕಾರ್ಡಿನಿಂದ 1.8 ಮಿ.ಮೀ. ಅಗಲದ ಪಟ್ಟಿ ಕತ್ತರಿಸಿ ಅಂಚಿನ ಮೇಲೆ ನಿಲ್ಲಿಸಿದರೆ ಎತ್ತರವೂ ಸರಿ, ತಲೆಯೂ ಸರಿ. ಹಳಿಯ ನಡು ಸಣ್ಣದಾಗಿ ಕಾಣುವುದಿಲ್ಲ ಎಂಬುದು ನಿಜ, ಆದರೆ ಜಲ್ಲಿ ತುಂಬಿದ ಮೇಲೆ ಒಂದಡಿ ದೂರದಿಂದ ಆ ಕೊರತೆ ಗೊತ್ತಾಗದು.

ಕತ್ತರಿಸುವ ಕ್ರಮ: ಮೊದಲು ಚಿಪ್, ಕಾಂತಪಟ್ಟಿ ಮತ್ತು ನಂಬರು ಇರುವ ಭಾಗಗಳನ್ನು ಕತ್ತರಿಸಿ ನಾಶ ಮಾಡಿ. ಸ್ಟೀಲ್ ಸ್ಕೇಲ್ ಒತ್ತಿ ಹಿಡಿದು ಹೊಸ ಬ್ಲೇಡಿನಲ್ಲಿ ಒಂದೇ ಗೆರೆಯ ಮೇಲೆ ನಾಲ್ಕೈದು ಸಲ ಹಗುರವಾಗಿ ಎಳೆದು, ಆಮೇಲೆ ಬಗ್ಗಿಸಿದರೆ ಪಟ್ಟಿ ನೇರವಾಗಿ ಮುರಿಯುತ್ತದೆ. ಒಂದೇ ಸಲಕ್ಕೆ ಬಲ ಹಾಕಿ ಕೊಯ್ದರೆ ಬ್ಲೇಡು ಓರೆಯಾಗುತ್ತದೆ, ಪಟ್ಟಿಯ ಒಂದಂಚು ಇಳಿಜಾರಾಗಿ ಹಳಿ ನೆಟ್ಟಗೆ ನಿಲ್ಲುವುದಿಲ್ಲ. ಮೂರಡಿಯ ಎರಡು ಸಾಲಿಗೆ 22 ಪಟ್ಟಿ ಬೇಕು. ಕೊಯ್ಯುವಾಗ ಹಾಳಾಗುವುದನ್ನೂ ಚಿಪ್ಪಿನ ಭಾಗವನ್ನೂ ಲೆಕ್ಕ ಹಾಕಿದರೆ ಮೂರು ಕಾರ್ಡು ಹಿಡಿಸುತ್ತದೆ. ಇನ್ನೊಂದು ಕಾರ್ಡಿನಿಂದ 19.3 ಮಿ.ಮೀ. ಅಗಲದ ಎರಡು ತುಂಡು ಕತ್ತರಿಸಿಟ್ಟುಕೊಂಡು, ಎರಡು ಹಳಿಗಳ ನಡುವೆ ಅವನ್ನು ಸರಿಸುತ್ತಾ ಅಂಟಿಸಿ. ಇಲ್ಲಿಗೆ ಇನ್‌ಸ್ಟಂಟ್ ಅಂಟು ಸರಿ.

ಬಣ್ಣ ಬಳಿಯುವ ಮೊದಲು 400 ನಂಬರಿನ ವಾಟರ್ ಪೇಪರಿನಲ್ಲಿ ಉಜ್ಜದಿದ್ದರೆ ನುಣುಪು ಮೇಲ್ಮೈಯಿಂದ ಬಣ್ಣ ಸಿಪ್ಪೆ ಏಳುತ್ತದೆ. ಹಳಿಯ ಪಕ್ಕಕ್ಕೆ ತುಕ್ಕಿನ ಕಂದು. ತಲೆಗೆ ಬೆಳ್ಳಿ ಬಣ್ಣ ಬೇಡ, ಅದು ಪ್ಲಾಸ್ಟಿಕ್ಕಿನಂತೆಯೇ ಕಾಣುತ್ತದೆ. 6ಬಿ ಪೆನ್ಸಿಲ್ಲನ್ನು ತಲೆಯ ಮೇಲೆ ಉದ್ದಕ್ಕೂ ಉಜ್ಜಿ, ಬೆರಳಿನಿಂದ ತಿಕ್ಕಿ. ಗಾಡಿ ಓಡಾಡಿ ಸವೆದ ಉಕ್ಕಿನ ಹೊಳಪೇ ಬರುತ್ತದೆ.

ಸೇತುವೆಗೂ ಇದೇ ಕಾರ್ಡು. ರೈಲ್ವೆಯ ಪ್ಲೇಟ್ ಗರ್ಡರ್‌ಗಳ (ಸೇತುವೆಯ ಉಕ್ಕಿನ ತೊಲೆಗಳ) ಪ್ರಮಾಣಿತ ಅಳತೆಗಳಲ್ಲಿ 12.2 ಮೀ. ಮತ್ತು 18.3 ಮೀ. ಸೇರಿವೆ, ಮಾದರಿಯಲ್ಲಿ 140 ಮತ್ತು 210 ಮಿ.ಮೀ. 210ರ ಒಂದು ಜೋಡಿ ಗರ್ಡರಿಗೆ, 20 ಮಿ.ಮೀ. ಎತ್ತರ ಇಟ್ಟುಕೊಂಡರೆ, ಮೇಲಿನ ಕೆಳಗಿನ ಪಟ್ಟಿಗಳೂ ಸೇರಿ ನಾಲ್ಕು ಕಾರ್ಡು ಸಾಕು. ಕಾರ್ಡಿನ ಉದ್ದ 85 ಮಿ.ಮೀ. ಮಾತ್ರ ಇರುವುದರಿಂದ ಜೋಡಣೆ ತಪ್ಪಿದ್ದಲ್ಲ. ಜೋಡಣೆಯ ಗೆರೆಯ ಮೇಲೇ ಒಂದು ಲಂಬ ಪಟ್ಟಿ ಅಂಟಿಸಿ, ಉಳಿದ ಲಂಬ ಪಟ್ಟಿಗಳನ್ನು 15 ಮಿ.ಮೀ.ಗೊಂದರಂತೆ ಹಾಕಿದರೆ ಜೋಡಣೆ ಮಾಯ. ಗರ್ಡರಿನ ಮೇಲೆ ಜಲ್ಲಿ ಹಾಕಬೇಡಿ. ಅಲ್ಲಿ ಸ್ಲೀಪರುಗಳು ಬರಿದಾಗಿರುತ್ತವೆ, ಓಡುವ ಹಳಿಗಳ ಒಳಗೆ ಎರಡು ಗಾರ್ಡ್ ರೈಲು (ಕಾವಲು ಹಳಿ) ಇರುತ್ತವೆ. ಬಹಳ ಮಾದರಿಗಳಲ್ಲಿ ಈ ಗಾರ್ಡ್ ರೈಲನ್ನೇ ಬಿಟ್ಟಿರುತ್ತಾರೆ. ಕಂಬಗಳಿಗೆ ಪ್ಲಂಬರ್ ಬಿಟ್ಟುಹೋದ ಪಿವಿಸಿ ಪೈಪಿನ ತುಂಡು ಚೆನ್ನ, ರಟ್ಟಿನ ಕೊಳವೆಯಾದರೆ ಸುರುಳಿಯ ಗೆರೆ ಎಷ್ಟು ಬಣ್ಣ ಹೊಡೆದರೂ ಎದ್ದು ಕಾಣುತ್ತದೆ.

ಸ್ಲೀಪರ್, ಜಲ್ಲಿ

ಬ್ರಾಡ್ ಗೇಜ್ ಸ್ಲೀಪರಿನ ಉದ್ದ 2.75 ಮೀ., ಮಾದರಿಯಲ್ಲಿ 31.6 ಮಿ.ಮೀ. ಅಗಲ 2.9 ಮಿ.ಮೀ. ಇಟ್ಟುಕೊಳ್ಳಿ. ಐಸ್‌ಕ್ರೀಂ ಕಡ್ಡಿಯನ್ನು ಬಿಸಿನೀರಿನಲ್ಲಿ ಹತ್ತು ನಿಮಿಷ ನೆನೆಸಿ, ದುಂಡನೆಯ ತುದಿ ಕತ್ತರಿಸಿ, ಉದ್ದಕ್ಕೆ ಮೂರು ಸೀಳು ಮಾಡಿದರೆ ಒಂದು ಕಡ್ಡಿಗೆ ಒಂಬತ್ತು ಸ್ಲೀಪರ್. ಒಣಕಲು ಕಡ್ಡಿಯನ್ನು ಸೀಳಿದರೆ ನಾರು ಹಿಡಿದ ಕಡೆಗೆ ಓಡಿ ಅರ್ಧಕ್ಕರ್ಧ ವ್ಯರ್ಥ. ಕಿಲೋಮೀಟರಿಗೆ 1660 ಸ್ಲೀಪರ್ ಎಂಬ ಲೆಕ್ಕದಲ್ಲಿ 6.9 ಮಿ.ಮೀ.ಗೊಂದು, 90 ಸೆಂ.ಮೀ.ಗೆ 130. ಹದಿನೈದು ಕಡ್ಡಿ. ದಪ್ಪ ತುಸು ಹೆಚ್ಚಾದರೂ ಜಲ್ಲಿಯೊಳಗೆ ಹೂತುಹೋಗುತ್ತದೆ. ಬ್ರಾಡ್ ಗೇಜ್ ಕಾಲದ ದೃಶ್ಯವಾದ್ದರಿಂದ ಕಾಂಕ್ರೀಟಿನ ಬೂದು ಬಣ್ಣ ಹಚ್ಚಿ, ಮರದ ಬಣ್ಣ ಬೇಡ. ಬೆಂಕಿಕಡ್ಡಿಯನ್ನು ಸ್ಲೀಪರಿಗೆ ಶಿಫಾರಸು ಮಾಡುವವರಿದ್ದಾರೆ. 2 ಮಿ.ಮೀ. ಕಡ್ಡಿ 17 ಸೆಂ.ಮೀ. ಅಗಲವಷ್ಟೇ ಆಗುತ್ತದೆ, ಸಾಲಾಗಿ ಜೋಡಿಸಿದಾಗ ಬಡಕಲಾಗಿ ಕಾಣುತ್ತದೆ.

ಜಲ್ಲಿಗೆ ಎಂ-ಸ್ಯಾಂಡನ್ನು ಮೀರಿಸಿದ್ದಿಲ್ಲ. ರೈಲ್ವೆ ಜಲ್ಲಿಯ ದೊಡ್ಡ ಕಲ್ಲು 65 ಮಿ.ಮೀ., ಮಾದರಿಯಲ್ಲಿ 0.75 ಮಿ.ಮೀ. ಮನೆ ಕಟ್ಟುವ ಕಡೆ ಚೆಲ್ಲಿದ್ದನ್ನು ಒಂದು ಬಟ್ಟಲು ತಂದು, ತೊಳೆದು ಒಣಗಿಸಿ, ಹಳೆಯ ಟೀ ಸೋಸುವ ಜಾಲರಿಯಲ್ಲಿ ಜರಡಿ ಹಿಡಿಯಿರಿ. ಮೇಲುಳಿದದ್ದು ಬೇಡ. ಕೆಳಗೆ ಬಿದ್ದದ್ದನ್ನು ಮೈದಾ ಜರಡಿಯಲ್ಲಿ ಮತ್ತೆ ಹಿಡಿದು ಧೂಳು ತೆಗೆಯಿರಿ. ಗ್ರಾನೈಟನ್ನು ಒಡೆದು ಮಾಡಿದ್ದಾದ್ದರಿಂದ ಕೋನ ಕೋನವಾಗಿರುತ್ತದೆ, ಬಣ್ಣವೂ ಸರಿ. ಹೊಳೆಯ ಮರಳು ದುಂಡಗಿರುತ್ತದೆ, ಜಲ್ಲಿಯಂತೆ ಕಾಣುವುದಿಲ್ಲ. ಒಂದು ಎಚ್ಚರಿಕೆ: ಎಂ-ಸ್ಯಾಂಡಿನಲ್ಲಿ ಕಬ್ಬಿಣದ ಕಣಗಳಿರುತ್ತವೆ. ಓಡುವ ಎಂಜಿನ್ ಇದ್ದರೆ ಆ ಕಣಗಳು ಮೋಟಾರಿನ ಅಯಸ್ಕಾಂತಕ್ಕೆ ಎಳೆದುಕೊಂಡು ಹೋಗಿ ಅದನ್ನು ಕೆಡಿಸುತ್ತವೆ. ಹಳೇ ಸ್ಪೀಕರಿನ ಅಯಸ್ಕಾಂತವನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ, ಏನೂ ಅಂಟದಿರುವ ತನಕ ಮರಳಿನಲ್ಲಿ ಆಡಿಸಿ. ಒಂದು ಹಲಗೆಗೆ ಟೀ ಲೋಟದಷ್ಟು ಜಲ್ಲಿ ಸಾಕು.

ಅಂಟಿಸುವಾಗ ಎಲ್ಲರೂ ಎಡವುವುದು ಒಂದೇ ಕಡೆ. ಒಣ ಜಲ್ಲಿಯ ಮೇಲೆ ನೇರವಾಗಿ ಅಂಟು ಬಿಟ್ಟರೆ ಅದು ಮೇಲೇ ಮುತ್ತಿನಂತೆ ನಿಂತು, ಮರಳನ್ನು ಉಂಡೆ ಕಟ್ಟಿಸಿ ಗುಂಡಿ ಬೀಳಿಸುತ್ತದೆ. ಮೊದಲು ಜಲ್ಲಿಯನ್ನು ಕುಂಚದಿಂದ ಸರಿಪಡಿಸಿ, ಸ್ಲೀಪರಿನ ಮೇಲೆ ಒಂದು ಕಾಳೂ ಉಳಿಯದಂತೆ ನೋಡಿಕೊಳ್ಳಿ. ನಂತರ ಖಾಲಿ ಸ್ಯಾನಿಟೈಸರ್ ಸ್ಪ್ರೇ ಬಾಟಲಿಯಲ್ಲಿ, 100 ಮಿ.ಲೀ. ನೀರಿಗೆ ಎರಡು ಹನಿ ಪಾತ್ರೆ ತೊಳೆಯುವ ಲಿಕ್ವಿಡ್ ಬೆರೆಸಿ, ಮಂಜಿನಂತೆ ಮೇಲಿನಿಂದ ಹಾರಿಸಿ. ಪಕ್ಕದಿಂದ ಹಾರಿಸಿದರೆ ಮರಳು ಚದರುತ್ತದೆ. ಪೂರ್ತಿ ಒದ್ದೆಯಾದ ಮೇಲೆ ಒಂದು ಪಾಲು ಫೆವಿಕಾಲ್‌ಗೆ ಮೂರು ಪಾಲು ನೀರು ಸೇರಿಸಿ, ಖಾಲಿಯಾದ ಐ ಡ್ರಾಪ್ಸ್ ಬಾಟಲಿಯಿಂದ ಹನಿ ಹನಿಯಾಗಿ ಬಿಡಿ. ಹಾಲಿನ ಬಣ್ಣ ನೋಡಿ ಗಾಬರಿ ಬೇಡ, ಒಣಗಿದರೆ ಕಾಣದು. ಇಪ್ಪತ್ನಾಲ್ಕು ಗಂಟೆ ಮುಟ್ಟಬೇಡಿ, ಮಳೆಗಾಲದಲ್ಲಿ ಎರಡು ದಿನ.

ಬೆಟ್ಟ, ಸುರಂಗ, ಅಂಟುಗಳ ಗುಣದೋಷ

ಟಿವಿ, ಫ್ರಿಜ್ ಪ್ಯಾಕಿಂಗಿನ ಥರ್ಮೋಕೋಲಿಗೆ ಹತ್ತಕ್ಕೆ ಆರು. ಹಗುರ, ಬೇಕಾದಷ್ಟು ಸಿಗುತ್ತದೆ, ಬೆಟ್ಟದ ಒಡಲಿಗೆ ಸರಿ. ಆದರೆ ಮುರಿದ ಕಡೆ ಕಾಣುವ 4 ಮಿ.ಮೀ. ಮಣಿ 87ರ ಲೆಕ್ಕದಲ್ಲಿ 35 ಸೆಂ.ಮೀ.ನ ದುಂಡು ಗೋಲ. ಅದನ್ನು ಬಂಡೆ ಎಂದು ನಂಬಿಸಲಾಗದು, ಮೇಲೆ ಹೊದಿಕೆ ಕಡ್ಡಾಯ. ಬಿಸಿ ತಂತಿಯಲ್ಲಿ ಕತ್ತರಿಸುವುದಾದರೆ ಮನೆಯ ಹೊರಗೆ, ಗಾಳಿಯಾಡುವ ಕಡೆ ಮಾತ್ರ, ಆ ಹೊಗೆ ಒಳ್ಳೆಯದಲ್ಲ.

ಥರ್ಮೋಕೋಲಿನ ಜೊತೆ ಅಂಟಿನ ಆಯ್ಕೆ ತಪ್ಪಿದರೆ ಬೆಟ್ಟವೇ ಕರಗುತ್ತದೆ. ಫೆವಿಕ್ವಿಕ್ ತರಹದ ಇನ್‌ಸ್ಟಂಟ್ ಅಂಟು, ರಬ್ಬರ್ ಆಧಾರಿತ ಕಾಂಟ್ಯಾಕ್ಟ್ ಅಂಟು, ಡಬ್ಬಿಯ ಸ್ಪ್ರೇ ಪೇಂಟ್, ಈ ಮೂರೂ ಅದನ್ನು ತಿಂದು ಗುಂಡಿ ಮಾಡುತ್ತವೆ. ಬಿಳಿ ಅಂಟು ಸುರಕ್ಷಿತ, ಆದರೆ ಎರಡು ದಪ್ಪ ಥರ್ಮೋಕೋಲಿನ ನಡುವೆ ಪೂರ್ತಿ ಬಳಿದರೆ ಗಾಳಿ ತಾಗದೆ ದಿನಗಟ್ಟಲೆ ಹಸಿಯಾಗಿಯೇ ಉಳಿಯುತ್ತದೆ. ಚುಕ್ಕೆ ಚುಕ್ಕೆಯಾಗಿ ಹಚ್ಚಿ, ಉರಿದುಳಿದ ಅಗರಬತ್ತಿ ಕಡ್ಡಿಗಳನ್ನು ಮೊಳೆಯಂತೆ ಚುಚ್ಚಿಬಿಡಿ.

ಇದಕ್ಕಿಂತ ಒಳ್ಳೆಯ ಒಡಲು ರಟ್ಟಿನ ಬಲೆ. ಪಾರ್ಸಲ್ ಪೆಟ್ಟಿಗೆಯನ್ನು 25 ಮಿ.ಮೀ. ಪಟ್ಟಿಗಳಾಗಿ ಕತ್ತರಿಸಿ, 5-6 ಸೆಂ.ಮೀ. ಅಂತರದಲ್ಲಿ ಅಡ್ಡ-ಉದ್ದ ಹೆಣೆದು ಬೆಟ್ಟದ ಆಕಾರ ಕೊಡಿ, ಮೇಲೆ ವೃತ್ತಪತ್ರಿಕೆಯ ಮೂರು ಪದರ. ಒಂದೊಂದು ಪದರವೂ ಒಣಗಿದ ಮೇಲೆ ಮುಂದಿನದು, ಒಟ್ಟಿಗೇ ಹಚ್ಚಿದರೆ ಒಳಗೆ ಬೂಸ್ಟು ಹಿಡಿಯುತ್ತದೆ. ಮೈದಾ ಅಂಟು ಅಗ್ಗ ನಿಜ, ಮಲೆನಾಡು ಕರಾವಳಿಯ ಮಳೆಗಾಲದಲ್ಲಿ ಜಿರಲೆಗೆ ಹಬ್ಬ. ಪುಸ್ತಕ ಕಟ್ಟುವವರು ಅದಕ್ಕೆ ಮೈಲುತುತ್ತ ಬೆರೆಸುತ್ತಾರೆ, ಅಡಿಕೆ ತೋಟದ ಬೋರ್ಡೋ ದ್ರಾವಣಕ್ಕೆ ಹಾಕುವುದೂ ಅದನ್ನೇ. ಚಿಟಿಕೆ ಸಾಕು, ಆದರೆ ಅದು ವಿಷ, ಮಕ್ಕಳು ಕೈ ಹಾಕುವ ಮಾದರಿಗೆ ಖಂಡಿತ ಬೇಡ. ಸಮ ಪಾಲು ನೀರು ಬೆರೆಸಿದ ಬಿಳಿ ಅಂಟೇ ನೆಮ್ಮದಿ.

ಘಾಟಿ ಕಡಿದ ಬಂಡೆಗೆ ಊಟದ ಪಾರ್ಸಲಿನ ಅಲ್ಯೂಮಿನಿಯಂ ಫಾಯಿಲನ್ನು ಮುದುಡಿ, ಅರ್ಧ ಬಿಡಿಸಿ, ಪ್ಲಾಸ್ಟರ್ ಆಫ್ ಪ್ಯಾರಿಸ್ ಸುರಿಯಿರಿ. ಎರಡು ಪಾಲು ಪುಡಿಗೆ ಒಂದು ಪಾಲು ನೀರು. ನೀರಿಗೆ ಪುಡಿ ಹಾಕಬೇಕು, ಪುಡಿಗೆ ನೀರಲ್ಲ. ಗಟ್ಟಿಯಾದ ಮೇಲೆ ಫಾಯಿಲ್ ಸುಲಿದರೆ ಸೀಳು, ಮುರುಕು, ಅಂಚು ಎಲ್ಲ ತಾನಾಗಿ ಬಂದಿರುತ್ತವೆ.

ಸುರಂಗದ ಬಾಯಿಯನ್ನು ಕಣ್ಣಂದಾಜಿನಲ್ಲಿ ಕತ್ತರಿಸಬೇಡಿ. ಐಸಿಎಫ್ (ಚೆನ್ನೈ ಕಾರ್ಖಾನೆಯ ವಿನ್ಯಾಸದ) ಪ್ರಯಾಣಿಕರ ಬೋಗಿ ಮಾದರಿಯಲ್ಲಿ 245 ಮಿ.ಮೀ. ಉದ್ದ, 37 ಮಿ.ಮೀ. ಅಗಲ, ಚಕ್ರಗಳಿರುವ ಎರಡು ಚೌಕಟ್ಟುಗಳ ಕೇಂದ್ರಗಳ ನಡುವಿನ ದೂರ 170 ಮಿ.ಮೀ. 438 ಮಿ.ಮೀ. ತ್ರಿಜ್ಯದ ತಿರುವಿನಲ್ಲಿ ಬೋಗಿಯ ನಡುಭಾಗ ಒಳಗೆ 8 ಮಿ.ಮೀ., ತುದಿಗಳು ಹೊರಗೆ ಸುಮಾರು 9 ಮಿ.ಮೀ. ಚಾಚುತ್ತವೆ. ಎರಡೂ ಕಡೆ 5 ಮಿ.ಮೀ. ಬಿಡುವು ಸೇರಿಸಿದರೆ ಬಾಯಿ 64 ಮಿ.ಮೀ. ಅಗಲ ಬೇಕು. ನೇರ ದಾರಿಯಲ್ಲಿ 48 ಸಾಕು, ನೋಡಲೂ ಅದೇ ಚೆಂದ, ಹಾಗಾಗಿ ಸುರಂಗವನ್ನು ನೇರ ಭಾಗದಲ್ಲೇ ಇಡಿ. ಒಳಗಿನ ಮೊದಲ 15 ಸೆಂ.ಮೀ.ಗೆ ಗೋಡೆ ಕಟ್ಟಿ ಕಪ್ಪು ಬಳಿಯಿರಿ, ಇಲ್ಲದಿದ್ದರೆ ಬಗ್ಗಿ ನೋಡಿದವರಿಗೆ ಪಾರ್ಸಲ್ ಪೆಟ್ಟಿಗೆಯ ವಿಳಾಸ ಕಾಣುತ್ತದೆ. ಹಿಂಬದಿ ತೆರೆದಿರಲಿ, ಗಾಡಿ ಹಳಿ ತಪ್ಪಿದರೆ ಕೈ ಹೋಗಬೇಕು.

ಕಾಡು ಮತ್ತು ತೋಟ

ಬಳಸಿದ ಟೀ ಪುಡಿ ಎಲೆ ಕೊಳೆತ ನೆಲಕ್ಕೆ ಮಾತ್ರ ಸರಿ, ಹಸಿರಿಗಲ್ಲ. ಸಕ್ಕರೆ, ಹಾಲು ತಾಗಿದ್ದನ್ನು ಬಳಸಬೇಡಿ, ಇರುವೆ ಮುತ್ತುತ್ತದೆ. ತೊಳೆದು ಬಾಣಲೆಯಲ್ಲಿ ಗರಿಗರಿಯಾಗುವಷ್ಟು ಹುರಿದಿಟ್ಟುಕೊಳ್ಳಿ. ಬಣ್ಣ ಹಾಕಿದ ಮರದ ಹೊಟ್ಟು ಹಳೆಯ ಪದ್ಧತಿ, ಗೊಂಬೆ ಹಬ್ಬದ ಪಾರ್ಕುಗಳಿಗೆ ಈಗಲೂ ಹಾಕುತ್ತಾರೆ, ಆದರೆ 1:87ಕ್ಕೆ ಅದರ ಕಾಳು ಚಪ್ಪಟೆ. ನಿಜವಾಗಿ ಗೆಲ್ಲುವುದು ಹಳೇ ಸೋಫಾ, ಹಾಸಿಗೆಯ ಫೋಮು. ಇಂಚಿನ ತುಂಡು ಮಾಡಿ, ಅಡುಗೆಗೆ ಮತ್ತೆಂದೂ ಬಳಸದ ಮಿಕ್ಸಿ ಜಾರಿನಲ್ಲಿ ನೀರು ಹಾಕಿ ಬಿಟ್ಟು ಬಿಟ್ಟು ತಿರುಗಿಸಿ. ಹಿಂಡಿ, ಅಕ್ರಿಲಿಕ್ ಬಣ್ಣದಲ್ಲಿ ಕಲಸಿ, ನೆರಳಿನಲ್ಲಿ ಒಣಗಿಸಿ. ಕನಿಷ್ಠ ಮೂರು ಹಸಿರು ಬೇಕು: ಕಪ್ಪು ಹಸಿರು, ನಡು ಹಸಿರು, ಚಿಗುರಿನ ಹಳದಿ ಹಸಿರು. ಪೋಸ್ಟರ್ ಕಲರ್ ಇಲ್ಲಿ ಕೆಲಸಕ್ಕೆ ಬಾರದು, ಅಂಟಿನ ನೀರು ತಾಗಿದೊಡನೆ ಕರಗಿ ಜಲ್ಲಿಯ ಮೇಲೆಲ್ಲ ಹಸಿರು ಹರಿಯುತ್ತದೆ.

ಅಡಿಕೆ ಮರಕ್ಕೆ ಅಗರಬತ್ತಿ ಕಡ್ಡಿಯ ದಪ್ಪ ಹೇಳಿಮಾಡಿಸಿದಂತಿದೆ, 1.3 ಮಿ.ಮೀ. ಅಂದರೆ 11 ಸೆಂ.ಮೀ.ನ ಕಾಂಡ. ಆದರೆ ಉರಿದ ಮೇಲೆ ಉಳಿಯುವ ತುಂಡು ಐದು ಸೆಂ.ಮೀ.ಯೂ ಇರುವುದಿಲ್ಲ, ನಾಲ್ಕು ಮೀಟರಿನ ಎಳೆ ಮರ ಮಾತ್ರ ಆಗುತ್ತದೆ. ಬೆಳೆದ ತೋಟಕ್ಕೆ ಸವೆದ ತೆಂಗಿನ ಪೊರಕೆಯ ಕಡ್ಡಿ ತೆಗೆಯಿರಿ. ಬುಡದಲ್ಲಿ ದಪ್ಪ, ತುದಿಗೆ ಸಣ್ಣ, 17 ಸೆಂ.ಮೀ. ಕತ್ತರಿಸಿದರೆ 15 ಮೀಟರಿನ ಮರ. ಗರಿಗೆ ಹಸಿರು ಕಾಗದವನ್ನು 22 ಮಿ.ಮೀ. ಉದ್ದಕ್ಕೆ ಕತ್ತರಿಸಿ, ನಡುವೆ ಮಡಚಿ, ಎರಡೂ ಅಂಚನ್ನು ಓರೆಯಾಗಿ ಸೀಳಿ. ಮರಕ್ಕೆ ಎಂಟು ಗರಿ. ಕಾಡುಮರಗಳಿಗೆ ಹಳೇ ವೈರಿನ ತಾಮ್ರದ ಎಳೆ ತಿರುಚಿ ಮಾಡಿ. 30 ಮೀಟರಿನ ಮರ ಅಳತೆ ಪ್ರಕಾರ 34 ಸೆಂ.ಮೀ. ಬರುತ್ತದೆ, ಅದು ಇಡೀ ದೃಶ್ಯವನ್ನೇ ನುಂಗುತ್ತದೆ. ಇಲ್ಲಿ ಮಾತ್ರ 87ರ ಲೆಕ್ಕ ಬಿಟ್ಟು 15ರಿಂದ 20 ಸೆಂ.ಮೀ.ಗೆ ನಿಲ್ಲಿಸಿ.

ಮಂಗಳೂರು ಹೆಂಚಿಗೆ ರಟ್ಟಿನ ಅಲೆಯನ್ನು ಸುಲಿದು ಹಾಕುವುದು ರೂಢಿ. ಸಾಮಾನ್ಯ ಪಾರ್ಸಲ್ ಪೆಟ್ಟಿಗೆಯ ಅಲೆಗಳ ಅಂತರ ಸುಮಾರು 6.5 ಮಿ.ಮೀ., ನಿಜದಲ್ಲಿ 56 ಸೆಂ.ಮೀ. ಹೆಂಚಿನ ಅಗಲ ಅದರ ಅರ್ಧವೂ ಇಲ್ಲ. ಮೊಬೈಲ್, ಚಾರ್ಜರ್ ಬರುವ ತೆಳು ರಟ್ಟಿನ ಡಬ್ಬಿಗಳ ಸಣ್ಣ ಅಲೆ 3.4 ಮಿ.ಮೀ., ಅದನ್ನೇ ಹುಡುಕಿ.

ಕರೆಂಟಿಗೆ ಹಳೇ ವೈಫೈ ರೂಟರಿನ 12 ವೋಲ್ಟ್, 1 ಆಂಪಿಯರ್ ಡಿಸಿ ಅಡಾಪ್ಟರ್ ಧಾರಾಳ. ಅದನ್ನು ಬಿಚ್ಚಬೇಡಿ, ವೇಗ ಹೊಂದಿಸಲು ಪಿಡಬ್ಲ್ಯೂಎಂ ಕಂಟ್ರೋಲರ್ (ಕರೆಂಟನ್ನು ತುಣುಕು ತುಣುಕಾಗಿ ಕೊಡುವ ಸಾಧನ) ಒಂದನ್ನು ಹೊರಗೆ ಸೇರಿಸಿ. ಚಕ್ರ ಹಳಿ ತಪ್ಪಿದಾಗೆಲ್ಲ ಶಾರ್ಟ್ ಆಗುವುದರಿಂದ ನಡುವೆ 1 ಆಂಪಿಯರ್ ಫ್ಯೂಸ್ ಇರಲಿ. ಹಳಿಗೆ ವೈರು ಬೆಸೆಯುವುದು ಹೊರಬದಿಗೆ, ಒಳಗೆ ಬೆಸೆದರೆ ಚಕ್ರ ಎಡವುತ್ತದೆ. ಹಳೇ ಲ್ಯಾನ್ ಕೇಬಲಿನ ಎಳೆ ಇದಕ್ಕೆ ಸಾಕು.

ಹಲಗೆ ಕತ್ತರಿಸುವ ಮೊದಲೇ ಮುಚ್ಚಳದ ಲೆಕ್ಕ ಹಾಕಿಕೊಳ್ಳಿ. ಧೂಳು ಕೂತ ಫೋಮಿನ ಕಾಡನ್ನು ತೊಳೆಯಲಾಗದು. ಸೋರುತ್ತದೆಂದು ಬಿಟ್ಟ ಮೂರಡಿಯ ಅಕ್ವೇರಿಯಂ ಬೋರಲು ಹಾಕಿದರೆ ಕೊಂಡು ತಂದ ಅಕ್ರಿಲಿಕ್ ಪೆಟ್ಟಿಗೆಗೆ ಸಮ, ಗಾಜಿಗೆ ಸುಲಭದಲ್ಲಿ ಗೀರೂ ಬೀಳುವುದಿಲ್ಲ. ಗಾಜಿನ ದಪ್ಪ ಕಳೆದು ಹಲಗೆಯನ್ನು 89 × 44 ಸೆಂ.ಮೀ.ಗೆ ಕತ್ತರಿಸಿ. ಕೂರಿಸಲು ಇಬ್ಬರು ಬೇಕು. ಒಳಗಿನ ತೇವಕ್ಕೆ ಶೂ ಡಬ್ಬಿಗಳಲ್ಲಿ ಬರುವ ಸಿಲಿಕಾ ಜೆಲ್ ಪೊಟ್ಟಣ ಹತ್ತನ್ನು ಬೆಟ್ಟದ ಹಿಂದೆ ಇಟ್ಟು, ಜೂನ್ ಬರುವ ಮೊದಲು ಬದಲಾಯಿಸಿ.